ಚಳಿಗಾಲದ ರಜೆಯೂ ಹೊರನಾಡ ಕನ್ನಡಿಗನೂ

(ದೆಹಲಿಯಲ್ಲಿ ಸಂಘದ ಮಾಸಿಕ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ತಿಂಗಳ ಉಪನ್ಯಾಸಕ್ಕೆ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕಾರ್ಯದರ್ಶಿಗಳು ನನಗೇ ಬಿಟ್ಟುಕೊಟ್ಟರು. ಗಡಿ, ನದಿನೀರು, ಶಾಸ್ತ್ರೀಯ ಭಾಷೆಯ ಸ್ಥಾನಮಾನ ಮೊದಲಾದ ಘನ ವಿಷಯಗಳನ್ನು ಕುರಿತು ಈ ವೇದಿಕೆಯಿಂದ ಅಧಿಕಾರಯುತವಾಗಿ ಮಾತನಾಡಿದ ವಿದ್ವಾಂಸರು ಅನೇಕರು. ನಾನು ಆರಿಸಿಕೊಂಡಿರುವುದು ಅವುಗಳ ಪಕ್ಕದಲ್ಲಿ ನಿಲ್ಲಲು ಸಂಕೋಚಪಡುವಂಥ ವಿಷಯ: ಚಳಿಗಾಲದ ರಜೆ, ಅದರಲ್ಲಿ ಪಡೆಯಬಹುದಾದ ವಿಶ್ರಾಂತಿ, ಓದಬಹುದಾದ ಪುಸ್ತಕ, ಅನುಭವಿಸಬಹುದಾದ ಸಣ್ಣಪುಟ್ಟ ಸುಖ. ರಜೆಯ ಮಹಿಮೆಯನ್ನು ಹೇಳುವುದಕ್ಕಾಗಿ ಇವರು ನಮ್ಮ ಒಂದು ರಜಾದಿನವನ್ನೇ ಕಸಿದುಕೊಂಡರಲ್ಲ ಎಂದು ನಿಮ್ಮಲ್ಲಿ ಕೆಲವರು ಅಂದುಕೊಂಡರೆ ಆ ಆಕ್ಷೇಪಣೆಯನ್ನು ತಲೆಬಾಗಿ ಸ್ವೀಕರಿಸುತ್ತೇನೆ.

ವಿಷಯ ಹಗುರವಾಗಿ ಕಂಡರೂ ಅದರ ಹಿಂದೆ ನಮಗೆಲ್ಲ ಸಂಬಂಧಿಸಿದ ಒಂದು ಪ್ರಶ್ನೆಯಿದೆ. ಹೊರನಾಡ ಕನ್ನಡಿಗನ ಬಿಡುವು ಯಾರಿಗೆ ಸೇರಿದ್ದು?

ನಮ್ಮ ವರ್ಷದ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ಬೇಸಿಗೆಯ ರಜೆ ಬಂತೆಂದರೆ ಅದು ಊರಿಗೆ ಸೇರಿದ್ದು. ಮದುವೆ, ಮುಂಜಿ, ಗೃಹಪ್ರವೇಶ, ಜಮೀನಿನ ಪಹಣಿ, ಮನೆಯ ಮಾಡಿನ ದುರಸ್ತಿ, ವೃದ್ಧರಾದ ತಂದೆತಾಯಿಯರ ಔಷಧೋಪಚಾರ ಎಲ್ಲವೂ ನಮ್ಮ ಬರವಿಗಾಗಿ ಕಾದು ಕುಳಿತಿರುತ್ತವೆ. ದಸರೆಯಲ್ಲಿ ಹೋದವರಿಗೂ ಇದೇ ಅನುಭವ. ಸುಮಾರು 2400 ಕಿಲೋಮೀಟರ್ ದೂರವನ್ನು ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದು ಕ್ರಮಿಸಿ, ಹದಿನೈದು ದಿನಗಳಲ್ಲಿ ಹದಿನೈದು ಮನೆಗಳ ಊಟ ಮುಗಿಸಿ, ಮತ್ತೆರಡು ರಾತ್ರಿ ಕಳೆದು ಹಿಂದಿರುಗುವ ಮನುಷ್ಯ ಹೋದಾಗ ಇದ್ದುದಕ್ಕಿಂತ ಹೆಚ್ಚು ದಣಿದಿರುತ್ತಾನೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಊರಿನ ಋಣ ಹಾಗೆಯೇ ತೀರಬೇಕು. ಕೇಂದ್ರ ಸರ್ಕಾರದ ನೌಕರನಾದವನು ರಜಾ ಪ್ರಯಾಣ ರಿಯಾಯಿತಿಗಾಗಿ ತನ್ನ ಸ್ವಂತ ಊರು ಯಾವುದೆಂದು ಬರೆದು ಘೋಷಿಸಬೇಕು. ಇಡೀ ಸೇವಾವಧಿಯಲ್ಲಿ ಅದನ್ನು ಬದಲಿಸಲು ಒಂದೇ ಒಂದು ಅವಕಾಶ. ಮೂವತ್ತು ವರ್ಷ ದೆಹಲಿಯಲ್ಲಿದ್ದರೂ ಆ ಕಾಗದದಲ್ಲಿ ನಮ್ಮ ಊರು ಹಾಸನ ಜಿಲ್ಲೆಯ ಯಾವುದೋ ಹಳ್ಳಿ, ಇಲ್ಲವೇ ಕುಮಟಾ, ಇಲ್ಲವೇ ಗದಗ. ಊರು ನಮ್ಮನ್ನು ಬಿಟ್ಟಿಲ್ಲ. ನಾವೂ ಊರನ್ನು ಬಿಟ್ಟಿಲ್ಲ.

ಆದರೆ ವರ್ಷದಲ್ಲಿ ಒಂದು ಅವಧಿ ಮಾತ್ರ ಈ ಋಣಾನುಬಂಧದಿಂದ ಹೊರಗೆ ಉಳಿದಿದೆ. ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗಿನ ಧನುರ್ಮಾಸದಲ್ಲಿ ನಮ್ಮ ಕಡೆ ಮದುವೆ ಮುಂಜಿಗಳು ನಡೆಯುವುದಿಲ್ಲ. ಉತ್ತರದವರೂ ಇದೇ ಅವಧಿಯನ್ನು ಖರಮಾಸವೆಂದು ಕರೆದು ಮಂಗಳಕಾರ್ಯಗಳನ್ನು ಮುಂದೂಡುತ್ತಾರೆ. ಮುಹೂರ್ತವಿಲ್ಲದ ತಿಂಗಳನ್ನು ನಮ್ಮ ಹಿರಿಯರು ಶೂನ್ಯಮಾಸವೆಂದು ಕರೆದರು. ಊರಿನಿಂದ ಲಗ್ನಪತ್ರಿಕೆ ಬರುವುದಿಲ್ಲ, ಇಲ್ಲಿಯೂ ಕರೆಯುವವರಿಲ್ಲ. ದೆಹಲಿಯ ಶಾಲೆಗಳಿಗೆ ಜನವರಿಯ ಮೊದಲ ಪಕ್ಷದಲ್ಲಿ ಸಾಮಾನ್ಯವಾಗಿ ರಜೆ. ಮಂಜು ಮುಸುಕಿ ರೈಲುಗಳು ಗಂಟೆಗಟ್ಟಲೆ ತಡವಾಗುವುದರಿಂದ ಪ್ರಯಾಣದ ಉತ್ಸಾಹವೂ ಯಾರಿಗೂ ಇರುವುದಿಲ್ಲ. ಪಂಚಾಂಗ, ಶಾಲೆ, ಹವಾಮಾನ ಮೂರೂ ಸೇರಿ ನಮಗೆ ಒಂದು ಬಿಡುವನ್ನು ಕೊಟ್ಟಿವೆ. ಶೂನ್ಯವೆಂದು ಹೆಸರಾದ ಈ ಮಾಸವೇ ಹೊರನಾಡ ಕನ್ನಡಿಗನ ಪಾಲಿಗೆ ವರ್ಷದಲ್ಲಿ ತನ್ನದೆನ್ನಬಹುದಾದ ಏಕೈಕ ಕಾಲ ಎಂಬುದು ನನ್ನ ವಿನಮ್ರ ಅಭಿಪ್ರಾಯ.

ಈ ಕಾಲವನ್ನು ನಾವು ಏನು ಮಾಡುತ್ತಿದ್ದೇವೆ? ಕಚೇರಿಯ ಮೇಜಿನ ಈಚೆಯಿಂದ ಕಂಡದ್ದನ್ನು ಹೇಳುತ್ತೇನೆ. ಕೇಂದ್ರ ಸರ್ಕಾರದ ನೌಕರನಿಗೆ ವರ್ಷಕ್ಕೆ 8 ದಿನ ಸಾಂದರ್ಭಿಕ ರಜೆ; ಡಿಸೆಂಬರ್ 31ಕ್ಕೆ ಉಳಿದದ್ದು ಅಲ್ಲಿಗೇ ಮುಗಿಯಿತು, ಮುಂದಿನ ವರ್ಷಕ್ಕೆ ಹೋಗುವುದಿಲ್ಲ. ಆದ್ದರಿಂದ ಡಿಸೆಂಬರ್ ಕೊನೆಯ ವಾರದಲ್ಲಿ ರಜೆಯ ಅರ್ಜಿಗಳು ರಾಶಿಯಾಗಿ ಬೀಳುತ್ತವೆ. ಗಳಿಕೆ ರಜೆಯ ನಡೆ ಇದಕ್ಕೆ ವಿರುದ್ಧ. ಜನವರಿಯಲ್ಲಿ 15, ಜುಲೈನಲ್ಲಿ 15 ದಿನ ಖಾತೆಗೆ ಜಮೆಯಾಗುತ್ತದೆ. 300 ದಿನಗಳವರೆಗೆ ಕೂಡಿಡಬಹುದು. ನಿವೃತ್ತಿಯ ದಿನ ಅದನ್ನು ಹಣವಾಗಿ ಪಡೆಯಬಹುದು. ಈ 300ರ ಅಂಕಿಯ ಮೇಲೆ ನಮ್ಮವರಿಗೆ ಎಷ್ಟು ಪ್ರೀತಿ! ಮಗಳ ಮದುವೆಗೆಂದು ಚಿನ್ನವನ್ನು ಕೂಡಿಡುವಂತೆ ವಿಶ್ರಾಂತಿಯನ್ನು ಕೂಡಿಡುತ್ತೇವೆ.

ಇದರಲ್ಲಿ ತಪ್ಪೇನೂ ಇಲ್ಲ. ಮನೆಸಾಲ, ಮಕ್ಕಳ ವಿದ್ಯಾಭ್ಯಾಸ ಎಲ್ಲರಿಗೂ ಇವೆ. ಆದರೆ ಅರ್ಥಶಾಸ್ತ್ರವನ್ನು ಸ್ನಾತಕೋತ್ತರ ಮಟ್ಟದಲ್ಲಿ ಓದಿದ ನನಗೆ ಅಲ್ಲಿ ಕಲಿತ ಒಂದು ಪ್ರಾಥಮಿಕ ಪಾಠ ಆಗಾಗ ನೆನಪಾಗುತ್ತದೆ. ವಿರಾಮವೂ ಒಂದು ಸರಕು. ಅದರ ಬೆಲೆ ಎಂದರೆ ಅದಕ್ಕಾಗಿ ನಾವು ಬಿಟ್ಟುಕೊಟ್ಟ ಸಂಪಾದನೆ. ಈ ಸೂತ್ರವನ್ನು ತಿರುಗಿಸಿ ಓದುವುದನ್ನು ನಾವು ಮರೆಯುತ್ತೇವೆ. ಕೂಡಿಟ್ಟ ಮುನ್ನೂರು ದಿನಗಳ ಹಣಕ್ಕೂ ಒಂದು ಬೆಲೆಯಿದೆ. ಅದು ಮಗ ಹತ್ತು ವರ್ಷದವನಾಗಿದ್ದಾಗ ಅವನೊಡನೆ ಕಳೆಯಬಹುದಾಗಿದ್ದ ಹತ್ತು ದಿನ. ಅರವತ್ತನೆಯ ವಯಸ್ಸಿನಲ್ಲಿ ಕೈಗೆ ಬರುವ ಹಣದಿಂದ ಆ ಹತ್ತು ದಿನಗಳನ್ನು ಕೊಳ್ಳಲು ಯಾವ ಪೇಟೆಗೆ ಹೋಗಬೇಕು?

ಕಾಯಕವನ್ನು ಅತ್ಯುನ್ನತ ಸ್ಥಾನದಲ್ಲಿಟ್ಟ ಶರಣರ ನಾಡಿನವರು ನಾವು. ವಿಶ್ರಾಂತಿಯನ್ನು ಹೊಗಳುವುದು ಸೋಮಾರಿತನದ ಸಮರ್ಥನೆಯಾಗದೆ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಎರಡು ಸಂಗತಿಗಳನ್ನು ನೆನಪಿಸಬಯಸುತ್ತೇನೆ.

ಮೊದಲನೆಯದು, ನಮ್ಮ ಸಂವಿಧಾನದ 43ನೇ ವಿಧಿ. ಜೀವನ ವೇತನದ ಬಗ್ಗೆ ಹೇಳುವ ಈ ನಿರ್ದೇಶಕ ತತ್ತ್ವವು ಕೂಲಿಯ ಮಾತಿಗೆ ನಿಲ್ಲುವುದಿಲ್ಲ. ದುಡಿಯುವವರೆಲ್ಲರಿಗೂ ವಿರಾಮವನ್ನೂ ಸಾಮಾಜಿಕ, ಸಾಂಸ್ಕೃತಿಕ ಅವಕಾಶಗಳನ್ನೂ ಪೂರ್ಣವಾಗಿ ಅನುಭವಿಸುವ ಸ್ಥಿತಿ ಇರಬೇಕೆಂದು ಅದು ರಾಜ್ಯಕ್ಕೆ ಹೇಳುತ್ತದೆ. ವಿರಾಮವನ್ನೂ ಸಂಸ್ಕೃತಿಯನ್ನೂ ಒಂದೇ ವಾಕ್ಯದಲ್ಲಿ ಇಟ್ಟ ನಮ್ಮ ಸಂವಿಧಾನಕಾರರ ವಿವೇಕ ದೊಡ್ಡದು. ಒಂದಿಲ್ಲದೆ ಇನ್ನೊಂದಿಲ್ಲ ಎಂಬುದು ಅವರಿಗೆ ತಿಳಿದಿತ್ತು.

ಎರಡನೆಯದು, ನಮಗೆ ಇಂದು ಸಹಜವೆನಿಸುವ ವಾರದ ರಜೆಯೂ ಪುಕ್ಕಟೆ ಸಿಕ್ಕದ್ದಲ್ಲ. ಮುಂಬಯಿಯ ಗಿರಣಿಗಳಲ್ಲಿ ಕಾರ್ಮಿಕರಿಗೆ ನಿಶ್ಚಿತವಾದ ವಾರದ ರಜೆ ಇಲ್ಲದ ಕಾಲದಲ್ಲಿ ಜೋತಿರಾವ್ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆಯವರು ಅವರನ್ನು ಸಂಘಟಿಸಿ ಹೋರಾಡಿದರು. 1890ರಲ್ಲಿ ಗಿರಣಿ ಮಾಲೀಕರು ಭಾನುವಾರದ ರಜೆಯನ್ನು ಒಪ್ಪಿಕೊಂಡರು. ಕೇಂದ್ರ ಸರ್ಕಾರದ ಕಚೇರಿಗಳಿಗೆ ಶನಿವಾರವೂ ಬಿಡುವು ದೊರೆತದ್ದು 1985ರಲ್ಲಿ, ಐದು ದಿನಗಳ ವಾರ ಜಾರಿಗೆ ಬಂದಾಗ.

ಮುಂಬಯಿಯ ಮಾತು ಬಂದದ್ದರಿಂದ ಅಲ್ಲಿನ ಕನ್ನಡ ರಾತ್ರಿಶಾಲೆಗಳನ್ನು ಸ್ಮರಿಸದೆ ಮುಂದೆ ಹೋಗುವಂತಿಲ್ಲ. ಕರಾವಳಿಯಿಂದ ಹೊಟ್ಟೆಪಾಡಿಗೆ ಬಂದ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರೆಸಿ, ರಾತ್ರಿ ಆ ಶಾಲೆಗಳ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತರು. ಅವರಿಗೆ ಗಳಿಕೆ ರಜೆ ಇರಲಿಲ್ಲ. ನಿದ್ದೆಯಿಂದ ಕದ್ದ ಗಂಟೆಗಳೇ ಅವರ ವಿರಾಮ. ಹೊರನಾಡಿನಲ್ಲಿ ಕನ್ನಡ ಉಳಿದದ್ದರಲ್ಲಿ ಈ ಕದ್ದ ಗಂಟೆಗಳ ಪಾಲು ದೊಡ್ಡದು. ಕಾನೂನಿನ ಪ್ರಕಾರ ವಿರಾಮವನ್ನು ಪಡೆದಿರುವ ನಾವು ಅದರಲ್ಲಿ ಅವರಷ್ಟು ಓದಿದ್ದೇವೆಯೇ?

ಇನ್ನು ಸುಖದ ಮಾತು. ವಿಲಾಸವೆಂದರೆ ಪಂಚತಾರಾ ಹೋಟೆಲು, ಹಿಮಾಲಯದ ತಪ್ಪಲಿನ ವಿಹಾರಧಾಮ ಎಂದು ಜಾಹೀರಾತುಗಳು ನಮ್ಮನ್ನು ನಂಬಿಸಿವೆ. ಹೋಗಬಲ್ಲವರು ಹೋಗಿಬರಲಿ. ನಾನು ಹೇಳುವುದು ಮನೆಯಲ್ಲಿಯೇ ಇರುವ ಸುಖಗಳನ್ನು.

ದೆಹಲಿಯ ಚಳಿಗಾಲದ ಮೊದಲ ಸುಖ ಬಿಸಿಲು. ನಮ್ಮ ನಾಡಿನಲ್ಲಿ ಬಿಸಿಲಿನಿಂದ ತಪ್ಪಿಸಿಕೊಳ್ಳುವುದನ್ನು ಕಲಿತು ಬಂದ ನಾವು ಬಿಸಿಲಿಗಾಗಿ ಕುರ್ಚಿಯನ್ನು ಸರಿಸುತ್ತ ಹೋಗುವುದನ್ನು ಇಲ್ಲಿ ಕಲಿತೆವು. ನಾನು ಸೇವೆಗೆ ಸೇರಿದ ಹೊಸದರಲ್ಲಿ ಕೇಂದ್ರ ಸಚಿವಾಲಯದ ಸುತ್ತಲಿನ ಹುಲ್ಲುಹಾಸುಗಳ ಮೇಲೆ ಮಧ್ಯಾಹ್ನದ ಊಟದ ವೇಳೆಯಲ್ಲಿ ಒಂದು ಜಾತ್ರೆಯೇ ನೆರೆಯುತ್ತಿತ್ತು. ಹೆಂಗಸರ ಕೈಯಲ್ಲಿ ಉಣ್ಣೆಯ ಹೆಣಿಗೆ, ಗಂಡಸರ ಕೈಯಲ್ಲಿ ಇಸ್ಪೀಟು, ಎಲ್ಲರ ಮುಂದೆ ಕಾಗದದ ಪೊಟ್ಟಣದಲ್ಲಿ ಬಿಸಿ ಮೂಂಗ್‌ಫಲಿ. ಅದೇ ಕಾಳಿಗೆ ಧಾರವಾಡದವರು ಶೇಂಗಾ ಎಂದರೆ, ಮೈಸೂರಿನವರು ಕಡಲೆಕಾಯಿ ಎಂದು ತಿದ್ದುತ್ತಿದ್ದರು, ಮಂಗಳೂರಿನವರು ನೆಲಗಡಲೆ ಎಂದು ತಮ್ಮ ಪಾಲು ಸೇರಿಸುತ್ತಿದ್ದರು. ಏಕೀಕರಣದ ಚರ್ಚೆ ಅಲ್ಲಿ ಸಿಪ್ಪೆಯೊಂದಿಗೆ ಮುಗಿಯುತ್ತಿತ್ತು.

ಇಂದು ಆ ಬಿಸಿಲಿಗೂ ಹೊಗೆಯ ಮುಸುಕು ಬಿದ್ದಿದೆ. ನವೆಂಬರಿನಿಂದ ಜನವರಿಯವರೆಗೆ ದೆಹಲಿಯ ಗಾಳಿಯ ಸ್ಥಿತಿ ನಿಮಗೆಲ್ಲ ಗೊತ್ತಿರುವುದೇ. ಗಾಳಿ ತಿಳಿಯಾದ ದಿನ ಮಧ್ಯಾಹ್ನದ ಎರಡು ಗಂಟೆ ದೊರೆತರೆ ಅದನ್ನು ಕಳೆದುಕೊಳ್ಳಬೇಡಿ ಎಂದಷ್ಟೇ ಹೇಳಬಲ್ಲೆ. ಹಿಂದೆ ಬಡವನಿಗೂ ಪುಕ್ಕಟೆಯಾಗಿದ್ದ ಸುಖವೊಂದು ದುರ್ಲಭವಾದದ್ದು ಸಣ್ಣ ನಷ್ಟವಲ್ಲ.

ಎರಡನೆಯ ಸುಖ ಎಣ್ಣೆಸ್ನಾನ. ವಾರದ ದಿನಗಳಲ್ಲಿ ಎರಡು ತಂಬಿಗೆ ನೀರು ಸುರಿದುಕೊಂಡು ಬಸ್ಸಿಗೋ ಮೆಟ್ರೋಗೋ ಓಡುವವರು ನಾವು. ರಜೆಯ ಒಂದು ಬೆಳಿಗ್ಗೆ ಎಳ್ಳೆಣ್ಣೆಯನ್ನು ಬೆಚ್ಚಗೆ ಮಾಡಿ, ನೆತ್ತಿಗೆ ತಟ್ಟಿ, ಅರ್ಧ ಗಂಟೆ ಸುಮ್ಮನೆ ಕುಳಿತು, ಸುಡುಸುಡು ನೀರು ಹೊಯ್ದುಕೊಂಡು, ಮೆಣಸು ಶುಂಠಿ ಹಾಕಿದ ಧನುರ್ಮಾಸದ ಹುಗ್ಗಿಗೆ ತುಪ್ಪ ಸುರಿದು ಉಂಡು ಮಲಗಿದರೆ ಬರುವ ನಿದ್ದೆಗೆ ಯಾವ ವಿಹಾರಧಾಮವೂ ಸಾಟಿಯಲ್ಲ. ಅವರೆಕಾಯಿಯ ಸೊಗಡನ್ನು ನೆನೆದು ನಿಟ್ಟುಸಿರಿಡುವವರಿಗೆ ಇಲ್ಲಿಯ ಹಸಿ ಬಟಾಣಿ ತಕ್ಕಮಟ್ಟಿಗೆ ಸಮಾಧಾನ ಹೇಳುತ್ತದೆ. ಕೆಂಪು ಗಜ್ಜರಿಯ ಹಲ್ವ, ಎಳ್ಳು ಬೆಲ್ಲದ ಗಜಕ್ ಈ ಊರಿನ ಕೊಡುಗೆ. ಗಜಕ್ ತಿನ್ನುವಾಗ ಸಂಕ್ರಾಂತಿಯ ಎಳ್ಳುಬೆಲ್ಲ ನೆನಪಾಗದ ಕನ್ನಡಿಗನಿಲ್ಲ.

ಮೂರನೆಯದು ಸಂಗೀತ. ಈ ವಿಷಯದಲ್ಲಿ ಬೇರೆ ನಗರಗಳ ಕನ್ನಡಿಗರು ನಮಗಿಂತ ಭಾಗ್ಯಶಾಲಿಗಳು. ಚೆನ್ನೈಯವರಿಗೆ ಡಿಸೆಂಬರಿನ ಸಂಗೀತೋತ್ಸವ ಮನೆಬಾಗಿಲಲ್ಲಿದೆ. ಪುಣೆಯಲ್ಲಿ ಡಿಸೆಂಬರ್ ಎಂದರೆ ಸವಾಯಿ ಗಂಧರ್ವ ಉತ್ಸವ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, 1952ರಲ್ಲಿ ತೀರಿಕೊಂಡ ಮೇಲೆ ಅವರ ಶಿಷ್ಯ, ಗದಗಿನ ಭೀಮಸೇನ ಜೋಶಿಯವರು ಗುರುವಿನ ಸ್ಮರಣೆಗಾಗಿ 1953ರಲ್ಲಿ ಆರಂಭಿಸಿದ ಉತ್ಸವ ಅದು. ಇಂದು ಅದರ ಹೆಸರಿನಲ್ಲಿ ಗುರುಶಿಷ್ಯರಿಬ್ಬರೂ ಇದ್ದಾರೆ. ಪುಣೆಯಲ್ಲಿ ನೆಲೆಸಿದ ಒಬ್ಬ ಕನ್ನಡಿಗ ಆ ಊರಿಗೆ ಚಳಿಗಾಲದ ಅತ್ಯಂತ ದೊಡ್ಡ ಸುಖವನ್ನು ಕೊಟ್ಟ. ನೆಲೆಸಿದ ಊರಿನಿಂದ ಪಡೆಯುವುದಷ್ಟೇ ಅಲ್ಲ, ಅದಕ್ಕೆ ಕೊಡುವುದೂ ಹೊರನಾಡ ಕನ್ನಡಿಗನ ಪರಂಪರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಈಗ ಹೇಳಬೇಕಾದ ಮಾತು ನಮ್ಮಲ್ಲಿ ಗಂಡಸರಿಗೆ ಸ್ವಲ್ಪ ಇರಿಸುಮುರಿಸು ತರಬಹುದು. ಮೇಲೆ ವರ್ಣಿಸಿದ ಸುಖಗಳನ್ನೆಲ್ಲ ಒಮ್ಮೆ ಮನೆಯಾಕೆಯ ಸ್ಥಾನದಲ್ಲಿ ನಿಂತು ನೋಡಿ. ಹುಗ್ಗಿ ಯಾರು ಮಾಡಬೇಕು? ಗಜ್ಜರಿ ಯಾರು ತುರಿಯಬೇಕು? ಬಿಸಿಲಿನ ಕುರ್ಚಿಗೆ ಮೂರನೆಯ ಸಲ ಕಾಫಿ ಯಾರು ತಂದುಕೊಡಬೇಕು? ಮನೆಮಂದಿಯೆಲ್ಲ ಮನೆಯಲ್ಲಿರುವ ರಜೆ ಎಂದರೆ ಅಡುಗೆಮನೆಗೆ ಇಮ್ಮಡಿ ಕೆಲಸ. ಕಚೇರಿಗೂ ಹೋಗಿಬರುವ ಹೆಣ್ಣುಮಗಳಾದರೆ ಅವಳ ರಜೆ ಒಂದು ದುಡಿಮೆಯಿಂದ ಇನ್ನೊಂದಕ್ಕೆ ವರ್ಗಾವಣೆ ಮಾತ್ರ. ಹೀಗೆ ಒಬ್ಬರ ವಿಶ್ರಾಂತಿ ಇನ್ನೊಬ್ಬರ ದಣಿವಿನ ಮೇಲೆ ನಿಂತರೆ ಅದಕ್ಕೆ ರಜೆ ಎಂಬ ಹೆಸರು ಒಪ್ಪುವುದಿಲ್ಲ.

ಮನೆಗೆಲಸಕ್ಕೆ ಬರುವ ಹೆಂಗಸು, ಬಡಾವಣೆಯ ಕಾವಲುಗಾರ ಇವರ ಮಾತಂತೂ ಇನ್ನೂ ಹಿಂದೆ ಉಳಿದಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಅಂಗೀಕರಿಸಿದ 189ನೇ ಒಡಂಬಡಿಕೆಯು ಮನೆಗೆಲಸದವರಿಗೆ ವಾರಕ್ಕೆ ಸತತವಾಗಿ ಕನಿಷ್ಠ 24 ಗಂಟೆಗಳ ವಿಶ್ರಾಂತಿ ಇರಬೇಕೆನ್ನುತ್ತದೆ. ನಮ್ಮ ಹೊಸ್ತಿಲಿನ ಒಳಗೆ ಇದನ್ನು ಜಾರಿಗೆ ತರಲು ಯಾವ ಸರ್ಕಾರಿ ಆದೇಶವೂ ಬೇಕಾಗಿಲ್ಲ. ರಜೆಯ ಹತ್ತು ದಿನಗಳಲ್ಲಿ ಮೂರು ದಿನ ಆಕೆಗೂ ಸಂಬಳ ಸಹಿತ ಬಿಡುವು ಕೊಟ್ಟು ಪಾತ್ರೆಗಳನ್ನು ನಾವೇ ತೊಳೆದುಕೊಂಡರೆ ವೇತನ ಶ್ರೇಣಿಗೆ ಕುಂದೇನೂ ಬರುವುದಿಲ್ಲ. ರಾತ್ರಿ ಕಸಕಡ್ಡಿ ಸುಟ್ಟು ಮೈ ಕಾಯಿಸಿಕೊಳ್ಳುವ ಕಾವಲುಗಾರನಿಗೆ ಬಡಾವಣೆಯವರೆಲ್ಲ ಸೇರಿ ಒಂದು ವಿದ್ಯುತ್ ಹೀಟರು ಕೊಡಿಸಿದರೆ ಅವನಿಗೂ ಸುಖ, ನಮ್ಮ ಶ್ವಾಸಕೋಶಗಳಿಗೂ ಹಿತ.

ಕೊನೆಗೆ ಪುಸ್ತಕ. ನಮ್ಮ ಮನೆಗಳಲ್ಲಿ ಬೆಳೆದ ಮಕ್ಕಳಲ್ಲಿ ಬಹುಮಂದಿ ಕನ್ನಡ ಮಾತನಾಡುತ್ತಾರೆ, ಓದಬಲ್ಲವರು ಕಡಿಮೆ. ಶಾಲೆಯಲ್ಲಿ ಹಿಂದಿ, ಇಂಗ್ಲಿಷು. ಕನ್ನಡದ ಅಕ್ಷರಕ್ಕೆ ಅಲ್ಲಿ ಜಾಗವಿಲ್ಲ. ಮಾತಿನಲ್ಲಿ ಮಾತ್ರ ಉಳಿದ ಭಾಷೆ ಅಡುಗೆಮನೆಯ ನಾಲ್ಕು ನೂರು ಶಬ್ದಗಳಿಗೆ ಇಳಿಯುತ್ತದೆ, ಮುಂದಿನ ತಲೆಮಾರಿಗೆ ಅದೂ ಇರುವುದಿಲ್ಲ. ಇದಕ್ಕೆ ಸಂಘಗಳು ಕನ್ನಡ ತರಗತಿಗಳನ್ನು ನಡೆಸುವುದುಂಟು, ಅದು ಸ್ತುತ್ಯ. ಆದರೆ ಮಗುವಿಗೆ ಅಕ್ಷರ ಕಲಿಯುವ ಆಸೆ ಹುಟ್ಟಬೇಕಾದರೆ ಆ ಅಕ್ಷರಗಳ ಹಿಂದೆ ರುಚಿಯಾದುದೇನೋ ಇದೆಯೆಂದು ಮೊದಲು ಅದರ ಕಿವಿಗೆ ತಿಳಿಯಬೇಕು.

ಓದುವುದೂ ಕೇಳುವುದೂ ಕೂಡಿಯೇ ನಡೆಯುತ್ತಿದ್ದ ಪರಂಪರೆ ನಮ್ಮದು. ಕುಮಾರವ್ಯಾಸನ ಭಾರತವನ್ನು, ಜೈಮಿನಿಯನ್ನು ಅಕ್ಷರ ಬಾರದವರೂ ಬಲ್ಲವರಾದದ್ದು ಗಮಕಿಗಳ ಬಾಯಿಂದ ಕೇಳಿ. ಮತ್ತೂರು, ಹೊಸಹಳ್ಳಿಗಳ ಕಡೆ ಆ ಕಲೆ ಇನ್ನೂ ಜೀವಂತವಾಗಿದೆ. ನಾವೆಲ್ಲ ಗಮಕಿಗಳಾಗಬೇಕಿಲ್ಲ. ದಿನಕ್ಕೆ ಅರ್ಧ ಗಂಟೆ ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಬಟಾಣಿ ಬಿಡಿಸುತ್ತ ಕೇಳಲಿ. ಹತ್ತು ದಿನಕ್ಕೆ ಐದು ಗಂಟೆ. ಒಂದು ಸಣ್ಣ ಪುಸ್ತಕ ಹೆಚ್ಚುಕಡಿಮೆ ಮುಗಿಯುತ್ತದೆ. ಬಟಾಣಿ ಬಿಡಿಸುವ ಕೆಲಸ ಗಂಡಸರಿಗಿರಲಿ ಎಂಬುದು ನನ್ನ ತಿದ್ದುಪಡಿ.

ಯಾವ ಪುಸ್ತಕ ಎಂದು ಕೇಳಿದರೆ, ಚಳಿಗಾಲಕ್ಕೆ ಹೊಂದುವವು ನಮ್ಮಲ್ಲಿ ಬೇಕಾದಷ್ಟಿವೆ. ಗೊರೂರರ ‘ಹಳ್ಳಿಯ ಚಿತ್ರಗಳು’, ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಒಂದು ಕುಳಿತಕ್ಕೆ ಒಂದು ಪ್ರಬಂಧದಂತೆ ಕೇಳಿಸಲು ಹೇಳಿ ಮಾಡಿಸಿದಂತಿವೆ. ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯ ವ್ಯಕ್ತಿಚಿತ್ರಗಳೂ ಹಾಗೆಯೇ. ಅವರ ಮಗ ಬಿ.ಜಿ.ಎಲ್. ಸ್ವಾಮಿಯವರು ನಮ್ಮಂತೆಯೇ ಹೊರನಾಡಿನವರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕಥೆಯಾದ ಅವರ ‘ಹಸುರು ಹೊನ್ನು’ 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಅದನ್ನು ಓದುವಾಗ ಹದಿಹರೆಯದವರು ನಗುತ್ತ ನಗುತ್ತ ಸಸ್ಯಶಾಸ್ತ್ರ ಕಲಿಯುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದ ಹಾರುವ ಓತಿಯನ್ನು ಹುಡುಕಿ ಹೊರಟ ಮೇಲೆ ಯಾವ ಹುಡುಗನೂ ನಡುವೆ ಎದ್ದುಹೋಗುವುದಿಲ್ಲ. ದೊಡ್ಡವರಿಗೆ, ಮಕ್ಕಳು ಮಲಗಿದ ಮೇಲೆ, ಯಶವಂತ ಚಿತ್ತಾಲರ ‘ಶಿಕಾರಿ’ ಇದೆ. ಹನೇಹಳ್ಳಿಯಿಂದ ಮುಂಬಯಿಗೆ ಬಂದು ಬಾಳಿದ ಲೇಖಕ ಮಹಾನಗರದ ಕಂಪೆನಿಯ ಒಳಜಗತ್ತನ್ನು ಬಿಚ್ಚಿಟ್ಟ ಈ ಕಾದಂಬರಿಯಲ್ಲಿ ಕಚೇರಿಯಲ್ಲಿ ದುಡಿಯುವ ಪ್ರತಿಯೊಬ್ಬನಿಗೂ ತನ್ನ ಭಯಗಳ ಗುರುತು ಸಿಗುತ್ತದೆ. ಇನ್ನೂ ಹೆಚ್ಚು ದಿನಗಳ ಬಿಡುವಿದ್ದವರು, ರಜಾಯಿ ಹೊದ್ದು, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹಿಡಿಯಬಹುದು. ಆತುರಗಾರನಿಗೆ ಆ ಮಲೆ ದಾರಿ ಬಿಡುವುದಿಲ್ಲ.

ಪುಸ್ತಕ ಸಿಗುವುದಿಲ್ಲ ಎಂಬುದು ನಮ್ಮಲ್ಲಿ ಸಾಮಾನ್ಯವಾಗಿ ಕೇಳಿಬರುವ ನೆಪ. ಫಿರೋಜ್ ಷಾ ರಸ್ತೆಯ ರವೀಂದ್ರ ಭವನದಲ್ಲಿರುವ ಸಾಹಿತ್ಯ ಅಕಾಡೆಮಿಯ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳಿವೆ. 1972ರಲ್ಲಿ ಆರಂಭವಾದ ವಿಶ್ವ ಪುಸ್ತಕ ಮೇಳ 2013ರಿಂದ ವಾರ್ಷಿಕವಾಗಿದ್ದು, ಸಾಮಾನ್ಯವಾಗಿ ಚಳಿಗಾಲದಲ್ಲಿಯೇ ಬರುತ್ತದೆ. ಊರಿನಿಂದ ಬರುವವರ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಹಪ್ಪಳ, ಕಾಫಿಪುಡಿಗಳ ನಡುವೆ ಒಂದು ಪುಸ್ತಕ ಹಿಡಿಸದಿರುವುದಿಲ್ಲ. ತರಲು ಹೇಳಬೇಕು, ಅಷ್ಟೇ. ಎಲ್ಲಕ್ಕಿಂತ ಹತ್ತಿರದಲ್ಲಿ, ಈ ಸಭಾಂಗಣದ ಗೋಡೆಯ ಆಚೆಗೆ, ನಮ್ಮ ಸಂಘದ ಕಪಾಟುಗಳಿವೆ. ಹಿರಿಯ ಸದಸ್ಯರು ಪ್ರೀತಿಯಿಂದ ಕೊಟ್ಟ ಪುಸ್ತಕಗಳಲ್ಲಿ ಎಷ್ಟೋ ಇನ್ನೂ ಪುಟ ಬಿಡಿಸದೆ ಕುಳಿತಿವೆ. ಶಾಲೆಗಳ ರಜೆಯ ಎರಡು ವಾರ ಪ್ರತಿದಿನ ಬೆಳಿಗ್ಗೆ ಹನ್ನೊಂದರಿಂದ ಒಂದರವರೆಗೆ ಆ ಕಪಾಟುಗಳ ಬೀಗ ತೆಗೆದಿರಲಿ, ಬಿಸಿಲಿನಲ್ಲಿ ಹತ್ತು ಕುರ್ಚಿ ಹಾಕಿಸಲಿ ಎಂದು ಕಾರ್ಯಕಾರಿ ಸಮಿತಿಗೆ ಸಾರ್ವಜನಿಕವಾಗಿ ಮನವಿ ಮಾಡುತ್ತೇನೆ. ಓದಿಹೇಳಲು ದಿನಕ್ಕೊಬ್ಬರು ಸಿಗದಿರಲಾರರು. ಮೊದಲ ದಿನಕ್ಕೆ ನನ್ನ ಹೆಸರನ್ನು ಬರೆದುಕೊಳ್ಳಿ.

ಎಲ್ಲರಿಗೂ ಇದು ಸಾಧ್ಯವಾಗದು ಎಂಬ ಅರಿವು ನನಗಿದೆ. 2017ರಿಂದ ಕೇಂದ್ರದ ಮುಂಗಡಪತ್ರ ಫೆಬ್ರವರಿ 1ಕ್ಕೆ ಮಂಡನೆಯಾಗುತ್ತಿರುವುದರಿಂದ ಕೆಲವು ಸಚಿವಾಲಯಗಳ ಮಿತ್ರರಿಗೆ ಈ ಅವಧಿಯಲ್ಲಿ ಉಸಿರಾಡಲೂ ಬಿಡುವಿಲ್ಲ. ಗಣರಾಜ್ಯೋತ್ಸವದ ಸಿದ್ಧತೆಯಲ್ಲಿರುವವರ, ಆಸ್ಪತ್ರೆ, ರೈಲ್ವೆ, ಪೊಲೀಸ್ ಸೇವೆಗಳಲ್ಲಿರುವವರ ಸ್ಥಿತಿಯೂ ಅದೇ. ಅವರಿಗೆ ಹತ್ತು ದಿನ ಬೇಡ, ಒಂದು ಭಾನುವಾರ ಸಾಕು. ಆದರೆ ಆ ಭಾನುವಾರ ಅವರದಾಗಿರಲಿ.

ಗಳಿಕೆ ರಜೆಯ ಖಾತೆಯಲ್ಲಿ 300 ದಿನ ತುಂಬಿದವರು ನಮ್ಮ ನಡುವೆ ಹಲವರಿದ್ದಾರೆ. ಅವರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಅದರಿಂದ ಹತ್ತು ದಿನ ತೆಗೆಯಿರಿ. 290 ದಿನಗಳ ಹಣದಿಂದಲೂ ನಿವೃತ್ತ ಜೀವನ ಚೆನ್ನಾಗಿಯೇ ಸಾಗುತ್ತದೆ. ಆ ಹತ್ತು ದಿನಗಳಲ್ಲಿ ನಿಮ್ಮ ಮನೆಯ ಒಂದು ಮಗು ಕನ್ನಡದ ಒಂದು ಪುಸ್ತಕವನ್ನು ಪೂರ್ತಿಯಾಗಿ ಕೇಳಿದರೆ, ಶೂನ್ಯಮಾಸಕ್ಕೆ ಆ ಹೆಸರು ಇನ್ನು ಒಪ್ಪಲಾರದು.